ಅಡಾಲ್ಫ್ ಸೂಟ್ರೊ: ತಡವಾಗಿ ಮುಟ್ಟಿದ ಸುರಂಗ, ಐದು ಸೆಂಟಿನ ಟ್ರಾಮ್, ಮೇಯರ್ ಕುರ್ಚಿ – ಲೆಕ್ಕ ಕೂಡುತ್ತಿಲ್ಲ

ಹಳೇಪುಟ (ಪ್ರಶ್ನೆ)

ಊರು ಬಿಟ್ಟು ಬಂದು ವ್ಯಾಪಾರ ಮಾಡಿ, ಬಂದ ಊರಿಗೇ ಮೇಯರ್ ಆದವರ ಬಗ್ಗೆ ಒಂದು ಲೇಖನಮಾಲೆ ನಡೆಯುತ್ತಿದೆ. ಮುಂದಿನ ಕಂತು ಸ್ಯಾನ್ ಫ್ರಾನ್ಸಿಸ್ಕೊದ ಅಡಾಲ್ಫ್ ಸೂಟ್ರೊ. ಬೇ ಏರಿಯಾದ ಕನ್ನಡದವರಿಗೆ ಸೂಟ್ರೊ ಟವರ್ ಎಂಬ ಟಿವಿ ಪ್ರಸಾರದ ಗೋಪುರ ದಿನಾ ಕಣ್ಣಿಗೆ ಬೀಳುತ್ತದೆ. ಆ ಹೆಸರಿನವನು ಯಾರು ಅಂದರೆ ಯಾವುದೋ ಟಿವಿ ಕಂಪನಿಯ ಮಾಲೀಕ ಇರಬೇಕು ಅನ್ನುವವರೇ ಹೆಚ್ಚು.

ಇಷ್ಟು ಖಚಿತವಾಗಿದೆ: 1830ರ ಏಪ್ರಿಲ್ 29ರಂದು ಪ್ರಷ್ಯಾದ ಆಖೆನ್‌ನಲ್ಲಿ ಯಹೂದಿ ಕುಟುಂಬದಲ್ಲಿ ಜನನ. ಅಪ್ಪನದು ಉಣ್ಣೆ ಬಟ್ಟೆ ಕಾರ್ಖಾನೆ. ಅಪ್ಪ ತೀರಿಹೋದ ಮೇಲೆ, 1848ರ ಗಲಭೆಯ ಬೆನ್ನಲ್ಲೇ, 1850ರಲ್ಲಿ ಕುಟುಂಬ ಅಮೆರಿಕಕ್ಕೆ ಬಂತು. ಈತ ಪನಾಮಾ ದಾಟಿ ಅದೇ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ. ಸುಮಾರು ಹತ್ತು ವರ್ಷ ಹೊಗೆಸೊಪ್ಪು, ಸಿಗಾರ್ ವ್ಯಾಪಾರ. 1860ರಲ್ಲಿ ನೆವಾಡಾದ ಕಾಮ್‌ಸ್ಟಾಕ್ ಬೆಳ್ಳಿ ಗಣಿಗಳತ್ತ ಗಮನ. 1869ರಿಂದ 1878ರವರೆಗೆ ಆ ಗಣಿಗಳಿಗೆ ಸುರಂಗ ಕೊರೆಸುವ ಕೆಲಸ. 1895ರ ಜನವರಿಯಿಂದ 1897ರ ಜನವರಿವರೆಗೆ ಮೇಯರ್. 1898ರ ಆಗಸ್ಟ್ 8ರಂದು ಸಾವು.

ಕೂಡದ ಲೆಕ್ಕ ಇಲ್ಲಿದೆ:

ಸುರಂಗ ಗಣಿಗೆ ಮುಟ್ಟುವ ಹೊತ್ತಿಗೆ ಗಣಿಗಳೇ ಅದಕ್ಕಿಂತ ಆಳಕ್ಕೆ ಇಳಿದಿದ್ದವು, ಹಾಗಾಗಿ ಅದು ದಂಡ ಅಂತ ಒಂದು ಕಡೆ ಓದಿದರೆ, ಅದರಿಂದಲೇ ಆತ ಶ್ರೀಮಂತನಾದ ಅಂತ ಇನ್ನೊಂದು ಕಡೆ ಇದೆ. ಎರಡೂ ಹೇಗೆ ನಿಜವಾಗಲು ಸಾಧ್ಯ? ನಗರದ ಭೂಮಿಯಲ್ಲಿ ಹನ್ನೆರಡನೇ ಒಂದು ಪಾಲು ಇಟ್ಟುಕೊಂಡವನು ಬಡವರ ಪಕ್ಷದಿಂದ ಗೆದ್ದದ್ದು ಹೇಗೆ? ಗೆದ್ದ ಮೇಲೆ ಏನೂ ಮಾಡಲಿಲ್ಲ ಅಂತ ಯಾಕೆ ಬರೆಯುತ್ತಾರೆ? ಅವನು ಕಡಲಂಚಿನಲ್ಲಿ ಕಟ್ಟಿಸಿದ ಈಜುಕೊಳಗಳ ಕಟ್ಟಡ ಸೂಟ್ರೊ ಬಾತ್ಸ್‌ಗೆ ಸಮುದ್ರದ ನೀರು ಹೇಗೆ ಬರುತ್ತಿತ್ತು ಅಂತಲೂ ಯಾರಾದರೂ ಬಿಡಿಸಿ ಹೇಳಿದರೆ ಒಂದು ಚಿತ್ರ ಬರೆಸಬಹುದು.

ಶಾಫ್ಟ್ ನಂ. 5

ಸುರಂಗದ್ದು ನಾನು ಹೇಳುತ್ತೇನೆ, ಉಳಿದದ್ದು ಬೇರೆಯವರಿಗೆ.

ಮೊದಲು ಊರಿನ ಏರಿಳಿತ ತಲೆಯಲ್ಲಿರಲಿ. ವರ್ಜೀನಿಯಾ ಸಿಟಿ ಇರುವುದು ಬೆಟ್ಟದ ಮೈಮೇಲೆ. ಅದಿರಿನ ಪದರ ಅದರ ಅಡಿಯಲ್ಲಿದೆ. ಪೂರ್ವಕ್ಕೆ ಡೇಟನ್ ಕಡೆ ಕಾರ್ಸನ್ ನದಿಯ ಕಣಿವೆ ಸಾಕಷ್ಟು ತಗ್ಗು. ಗುಡ್ಡದ ನೆತ್ತಿಯಲ್ಲಿ ಬಾವಿ ತೋಡಿದವನು ನೀರನ್ನು ಮೇಲಕ್ಕೆ ಸೇದಬಹುದು, ಇಲ್ಲವೇ ಗುಡ್ಡದ ಬುಡದಿಂದ ಅಡ್ಡಕ್ಕೆ ಕೊರೆದು ತಾನಾಗಿ ಹರಿಯಲು ಬಿಡಬಹುದು. ಸೂಟ್ರೊ ಹೇಳಿದ್ದು ಎರಡನೆಯದು. ಕಣಿವೆಯಿಂದ ಹೊರಟು, ಗಣಿಗಳನ್ನು ನೆಲಮಟ್ಟದಿಂದ ಸುಮಾರು 1,640 ಅಡಿ ಕೆಳಗೆ ಕೂಡುವ ಸುರಂಗ. ಉದ್ದ 20,489 ಅಡಿ, ಅಂದರೆ 6.2 ಕಿಲೊಮೀಟರ್.

ಅದರಿಂದ ಆಗಬೇಕಿದ್ದ ಕೆಲಸ ನಾಲ್ಕು: ನೀರು ಹೊರಕ್ಕೆ, ಗಾಳಿ ಒಳಕ್ಕೆ, ಅದಿರು ಕೆಳಗಿನ ನದಿ ದಂಡೆಯ ಮಿಲ್ಲಿಗೆ (ಅದಿರು ಅರೆದು ಬೆಳ್ಳಿ ತೆಗೆಯುವ ಜಾಗ), ಬೆಂಕಿ ಬಿದ್ದರೆ ಕಾರ್ಮಿಕರಿಗೆ ಇನ್ನೊಂದು ದಾರಿ.

ಜಗಳ ಹುಟ್ಟಿದ್ದು ಈ ಮೂರನೆಯದರಿಂದ. 1865ರಲ್ಲಿ ನೆವಾಡಾ ಶಾಸನಸಭೆ ಅನುಮತಿ ಕೊಟ್ಟಿತು, 1866ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ಸು ಕಾಯ್ದೆ ಮಾಡಿತು. ಸುರಂಗ ಮುಟ್ಟಿದ ಮೇಲೆ ತೆಗೆಯುವ ಪ್ರತಿ ಟನ್ ಅದಿರಿಗೆ 2 ಡಾಲರ್ ಕೊಡುತ್ತೇವೆ ಅಂತ ಗಣಿ ಕಂಪನಿಗಳೂ ಸಹಿ ಹಾಕಿದವು. ಆಗ ಬ್ಯಾಂಕ್ ಆಫ್ ಕ್ಯಾಲಿಫೋರ್ನಿಯಾದ ವಿಲಿಯಂ ರಾಲ್‌ಸ್ಟನ್, ವಿಲಿಯಂ ಶರನ್ ಕೂತು ಲೆಕ್ಕ ಹಾಕಿದರು. ಮಿಲ್ಲುಗಳು ಒಂದೊಂದಾಗಿ ಅವರ ಕೈಗೆ ಬರುತ್ತಿದ್ದವು, ವರ್ಜೀನಿಯಾ ಅಂಡ್ ಟ್ರಕಿ ರೈಲೂ ಅವರದ್ದೇ ಆಗುವುದರಲ್ಲಿತ್ತು. ಅದಿರು ನೆಲದಡಿಯಿಂದಲೇ ಸೂಟ್ರೊನ ಮಿಲ್ಲುಗಳ ಬಾಗಿಲಿಗೆ ಹೋದರೆ ಮೇಲಿನ ರೈಲು, ಮಿಲ್ಲು, ಊರು ಮೂರೂ ಬಿದ್ದುಹೋಗುತ್ತವೆ. ಸಹಿ ಹಾಕಿದವರೇ ಹಿಂದೆ ಸರಿದರು, ಸಾಲ ಕೊಡುವವರ ಬಾಗಿಲು ಮುಚ್ಚಿತು.

1869ರ ಏಪ್ರಿಲ್ 7ರಂದು ಯೆಲ್ಲೊ ಜಾಕೆಟ್ ಗಣಿಯಲ್ಲಿ ಬೆಂಕಿ ಬಿದ್ದು ಕನಿಷ್ಠ 35 ಜನ ಸತ್ತರು. ಹೊಗೆ ಪಕ್ಕದ ಗಣಿಗಳಿಗೂ ನುಗ್ಗಿತು. ಮೇಲೆ ಹೋಗಲು ಶಾಫ್ಟ್ (ನೆಲದಿಂದ ನೇರ ಕೆಳಗಿಳಿಸಿದ ಬಾವಿ) ಬಿಟ್ಟರೆ ದಾರಿ ಇರಲಿಲ್ಲ. ಸೂಟ್ರೊ ಹಿಡಿದದ್ದು ಇದನ್ನೇ. ವರ್ಜೀನಿಯಾ ಸಿಟಿಯ ಪೈಪರ್ಸ್ ಒಪೇರಾ ಹೌಸಿನಲ್ಲಿ ಕಾರ್ಮಿಕರನ್ನು ಸೇರಿಸಿ, ಸುರಂಗ ಇದ್ದಿದ್ದರೆ ಹೇಗೆ ಹೊರಬರುತ್ತಿದ್ದರು ಅಂತ ಚಿತ್ರ ಬರೆಸಿ ತೋರಿಸಿದ. ಕಾರ್ಮಿಕ ಸಂಘ 50,000 ಡಾಲರ್ ಷೇರು ಹಣ ಹಾಕಿತು. ಅದೇ ಅಕ್ಟೋಬರ್ 19ರಂದು ಗುದ್ದಲಿ ಬಿತ್ತು. ದೊಡ್ಡ ಹಣ ಬಂದದ್ದು 1871ರ ನಂತರ, ಲಂಡನ್ನಿನ ಮೆಕಾಲ್ಮಾಂಟ್ ಬ್ಯಾಂಕಿನವರಿಂದ.

ತಡ ಯಾಕಾಯಿತು? ಮೊದಲ ಕೆಲವು ವರ್ಷ ಕೈ ಉಳಿ, ಸುತ್ತಿಗೆ, ಕಪ್ಪು ಮದ್ದು. ಕೆಲಸ ಹಲವು ಕಡೆಯಿಂದ ಒಟ್ಟಿಗೆ ನಡೆಯಲಿ ಅಂತ ಮೇಲಿಂದ ನಾಲ್ಕು ಶಾಫ್ಟ್ ಇಳಿಸಲು ಹೊರಟರು. ಅದರಲ್ಲಿ ಎರಡನ್ನು ನೀರು ತಡೆಯಲಾಗದೆ ಅರ್ಧಕ್ಕೇ ಬಿಟ್ಟರು. 1874ರಲ್ಲಿ ಗಾಳಿಯೊತ್ತಡದ ಬರ್ಲೀ ಡ್ರಿಲ್ ಬಂದ ಮೇಲೆ ವರ್ಷಕ್ಕೆ 3,500 ಅಡಿಗೂ ಹೆಚ್ಚು ಮುಂದೆ ಹೋದದ್ದುಂಟು. ಕೊನೆಯ ಭಾಗದ ತೊಂದರೆ ಕಲ್ಲಲ್ಲ, ಬಿಸಿ. ಅಲ್ಲಿನ ನೆಲದಡಿಯ ನೀರೇ ಮೈ ಸುಡುವಂಥದ್ದು. ಮುಂಚೂಣಿಯಲ್ಲಿ ಗಾಳಿ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ಮುಟ್ಟಿತು. ಬಂಡಿ ಎಳೆಯುವ ಹೇಸರಗತ್ತೆಗಳು ಗಾಳಿ ಕೊಳವೆಯ ಬಾಯಿಗೆ ಮೂತಿ ಇಟ್ಟು ನಿಂತರೆ ಎಳೆದರೂ ಕದಲುತ್ತಿರಲಿಲ್ಲ. 1878ರ ಜುಲೈ 8ರಂದು ಸ್ಯಾವೇಜ್ ಗಣಿಗೆ ತೂತು ಬಿತ್ತು.

ಆಗಲೇ ಗಣಿಗಳು 2,000 ಅಡಿ ದಾಟಿದ್ದವು. ‘ದಂಡ’ ಅನ್ನುವವರ ವಾದ ಇಲ್ಲಿಗೇ ನಿಲ್ಲುತ್ತದೆ, ಅದು ಅರ್ಧ ವಾದ. ನೀರನ್ನು ಈಗ ನೆಲದವರೆಗೆ ಎತ್ತಬೇಕಿಲ್ಲ, ಸುರಂಗದ ಮಟ್ಟದವರೆಗೆ ಎತ್ತಿದರೆ ಸಾಕು. ದಿನಕ್ಕೆ 30–40 ಲಕ್ಷ ಗ್ಯಾಲನ್ ಹೊರಹೋಗುತ್ತಿತ್ತು. 35 ಲಕ್ಷ ಅಂತ ಹಿಡಿಯಿರಿ: ಸೆಕೆಂಡಿಗೆ 153 ಲೀಟರ್. ಅದನ್ನು 500 ಮೀಟರ್ (ಅದೇ 1,640 ಅಡಿ) ಎತ್ತಲು ಬೇಕಾದ ಶಕ್ತಿ ಸುಮಾರು 750 ಕಿಲೊವ್ಯಾಟ್, ಅಂದರೆ ಹಗಲೂ ರಾತ್ರಿ 1,000 ಅಶ್ವಶಕ್ತಿ. ಪಂಪಿನ ಸವಕಳಿ, ಉಗಿ ಯಂತ್ರದ ನಷ್ಟ ಸೇರಿಸದೆ. ಅಲ್ಲಿ ಉಗಿಗೆ ಸುಡುತ್ತಿದ್ದುದು ಸಿಯೆರಾ ಬೆಟ್ಟದ ಮರ. ಉಳಿತಾಯ ಎಷ್ಟು ಅಂತ ನೀವೇ ಊಹಿಸಿ.

ಕಂಪನಿಗಳು ಆಗಲೂ ದುಡ್ಡು ಬಿಚ್ಚಲಿಲ್ಲ. ಒಪ್ಪಂದವಿಲ್ಲದೆ ಬಿಸಿನೀರನ್ನು ಸುರಂಗಕ್ಕೆ ಬಿಟ್ಟರು, ಒಳಗಿದ್ದವರು ಓಡಿ ಬರಬೇಕಾಯಿತು. ಸೂಟ್ರೊ ಸುರಂಗಕ್ಕೆ ಅಡ್ಡಗೋಡೆ ಕಟ್ಟಲು ಆಳು ಹಚ್ಚಿದ. ಗೋಡೆ ನಿಂತರೆ ನೀರು ಅವರ ಗಣಿಗೇ ವಾಪಸ್. 1879ರಲ್ಲಿ ರಾಜಿ ಆಯಿತು: ಟನ್ನಿಗೆ 40 ಡಾಲರ್‌ವರೆಗೆ ಬೆಲೆಬಾಳುವ ಅದಿರಿಗೆ 1 ಡಾಲರ್, ಅದಕ್ಕೂ ಮೇಲಿನದಕ್ಕೆ 2 ಡಾಲರ್.

ಹಣ ಮಾಡಿದ್ದು ಈ ಬಾಡಿಗೆಯಿಂದ ಅಲ್ಲ ಅನ್ನುವುದನ್ನು ಗಮನಿಸಿ. ಕಾಮ್‌ಸ್ಟಾಕ್ ಉತ್ಪಾದನೆಯ ಶಿಖರ 1877. ಆಮೇಲೆ ಇಳಿಜಾರು. ರಾಜಿ ಆದ ಹುರುಪಿನಲ್ಲಿ ಷೇರು ಬೆಲೆ ಇದ್ದಾಗಲೇ ಆತ ತನ್ನ ಪಾಲನ್ನು ಸದ್ದಿಲ್ಲದೆ ಮಾರಿ, 1880ರಲ್ಲಿ ಕಂಪನಿ ಬಿಟ್ಟ. ಹಿಂದೆ ಉಳಿದ ಷೇರುದಾರರು ಕೈಸುಟ್ಟುಕೊಂಡರು, 1889ರಲ್ಲಿ ಸುರಂಗ ಸಾಲಕ್ಕೆ ಜಪ್ತಿಯಾಯಿತು. ಸುರಂಗ ಉಪಯೋಗದ್ದೇ. ಅದಕ್ಕೆ ಹಾಕಿದ ಬಂಡವಾಳ ಮಾತ್ರ ಹುಟ್ಟಲಿಲ್ಲ. ನಿಮ್ಮ ಎರಡು ಹೇಳಿಕೆಗಳೂ ಹಾಗೆ ನಿಜ. ಮಾರಾಟದ ಮೊತ್ತಕ್ಕೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಅಂಕಿ, ಲೇಖನದಲ್ಲಿ ಅಂಕಿ ಹಾಕದಿರುವುದೇ ಮೇಲು.

ನಮ್ಮ ಓದುಗರು ಕೆಜಿಎಫ್‌ನಲ್ಲಿ ಯಾಕೆ ಹೀಗೆ ಮಾಡಲಿಲ್ಲ ಅಂತ ಕೇಳಿಯೇ ಕೇಳುತ್ತಾರೆ. ಕೋಲಾರದ ನೆಲ ಹೆಚ್ಚುಕಡಿಮೆ ಸಪಾಟು, ಪಕ್ಕದಲ್ಲಿ 1,600 ಅಡಿ ತಗ್ಗಿನ ಕಣಿವೆ ಇಲ್ಲ. ಚಾಂಪಿಯನ್ ರೀಫ್ 3 ಕಿಲೊಮೀಟರ್ ದಾಟಿ ಇಳಿಯಿತು, ಎಲ್ಲವೂ ಶಾಫ್ಟಿನಲ್ಲೇ. ಅಲ್ಲಿ ಉಗಿಯ ಹೊರೆ ಇಳಿಸಿದ್ದು 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟು.

ಪುರಸಭೆ ಕಡತ

ಚೆನ್ನಾಗಿ ಬಿಡಿಸಿದ್ದೀರಿ. ಚುನಾವಣೆ ಕಡೆಯದ್ದು ನಾನು ಸೇರಿಸುತ್ತೇನೆ.

1879–80ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವ್ಯಾಪಾರ ಬಿದ್ದುಹೋಗಿತ್ತು, ಜಮೀನು ಕೇಳುವವರಿರಲಿಲ್ಲ. ಸೂಟ್ರೊ ಕೊಂಡದ್ದು ಪಶ್ಚಿಮದ ಮರಳು ದಿಬ್ಬಗಳನ್ನು, ನಡುವಿನ ಸ್ಯಾನ್ ಮಿಗೆಲ್ ರಾಂಚೊ ಅನ್ನುವ ಹಳೆಯ ಜಹಗೀರಿನ ದೊಡ್ಡ ಭಾಗವನ್ನು. ಮರಳು ಹಾರದಂತೆ ನೀಲಗಿರಿ, ಸೈಪ್ರೆಸ್ ನೆಡಿಸಿದ. ಇವತ್ತಿನ ಮೌಂಟ್ ಸೂಟ್ರೊ ಕಾಡು ಅದರದ್ದೇ ಉಳಿಕೆ. ಸಮುದ್ರದ ಕಡೆ ಬೆಟ್ಟದ ಮೇಲಿನ ಮನೆ, ಸೂಟ್ರೊ ಹೈಟ್ಸ್, ಅದರ ತೋಟವನ್ನು ಜನರಿಗೆ ತೆರೆದಿಟ್ಟ.

ಜಮೀನಿಗೆ ಬೆಲೆ ಬರಬೇಕಾದರೆ ಜನ ಅಲ್ಲಿಗೆ ಹೋಗಬೇಕು. ಆದರೆ ದಾರಿ ಸದರ್ನ್ ಪೆಸಿಫಿಕ್ ರೈಲಿನವರ ಹಿಡಿತದ ಟ್ರಾಮ್ ಕಂಪನಿಯ ಕೈಯಲ್ಲಿತ್ತು. ಊರೊಳಗೆ 5 ಸೆಂಟು, ಸಮುದ್ರದವರೆಗೆ ಅಂದರೆ ಇನ್ನೊಂದು 5. ಹೆಂಡತಿ, ಮೂರು ಮಕ್ಕಳನ್ನು ಕರೆದುಕೊಂಡು ಹೋಗಿಬರುವ ಕೂಲಿಯವನಿಗೆ ಒಂದು ಡಾಲರ್ ಟ್ರಾಮಿಗೇ ಹೋಯಿತು. ಸೂಟ್ರೊ ಒಂದೇ ದರ, 5 ಸೆಂಟು ಅಂತ ಪಟ್ಟು ಹಿಡಿದ. ಕಂಪನಿ ಒಪ್ಪದಾಗ ಸೂಟ್ರೊ ಹೈಟ್ಸ್‌ಗೆ ಬೇಲಿ ಹಾಕಿ, ಅವರ ಟ್ರಾಮಿನಲ್ಲಿ ಬಂದವರಿಗೆ 25 ಸೆಂಟು ಪ್ರವೇಶ ಶುಲ್ಕ ಇಟ್ಟ. ಆಮೇಲೆ 5 ಸೆಂಟಿನ ತನ್ನದೇ ವಿದ್ಯುತ್ ಟ್ರಾಮ್ ಹಾಕಿಸಿದ, ಅದು 1896ರಲ್ಲಿ ಓಡಿತು.

1894ರಲ್ಲಿ ಪೀಪಲ್ಸ್ ಪಾರ್ಟಿ, ಪಾಪ್ಯುಲಿಸ್ಟರು, ಅವನನ್ನು ನಿಲ್ಲಿಸಿದ್ದು ಇದಕ್ಕೇ. ರೈಲು ಕಂಪನಿಯನ್ನು ಜನ ‘ಆಕ್ಟೋಪಸ್’ ಅಂತ ಬೈಯುತ್ತಿದ್ದ ಕಾಲ. ಅದಕ್ಕೆ ಸಾಲ ಕೇಳಬೇಕಿಲ್ಲದ, ಹೆದರಬೇಕಿಲ್ಲದ ಶ್ರೀಮಂತನೇ ಬೇಕಿತ್ತು. ಬಡವರ ಮೇಲಿನ ಮಮಕಾರವೋ, ಜಮೀನಿನ ಲೆಕ್ಕವೋ ಅಂತ ಕೇಳಿದರೆ ನನ್ನ ಪ್ರಕಾರ ಎರಡೂ, ಒಂದನ್ನು ಬಿಟ್ಟು ಒಂದು ಬರೆದರೆ ಲೇಖನ ಕುಂಟುತ್ತದೆ. ಭಾರೀ ಅಂತರದಲ್ಲಿ ಗೆದ್ದ. ಅಧಿಕಾರ ಸಿಗುವ ಮುಂಚೆಯೇ, ಆ ಕ್ರಿಸ್ಮಸ್ ದಿನ, ಕಡಲಂಚಿನ ಬಂಡೆಯ ಮೇಲಿದ್ದ ಅವನ ಊಟದ ಹೋಟೆಲು, ಕ್ಲಿಫ್ ಹೌಸ್, ಸುಟ್ಟುಹೋಯಿತು.

ಏನೂ ಮಾಡಲಿಲ್ಲ ಅನ್ನುವುದಕ್ಕೆ ಮುಂಚೆ ಕುರ್ಚಿ ಎಂಥದ್ದು ಅಂತ ನೋಡಬೇಕು. ನಗರ ಆಗ ನಡೆಯುತ್ತಿದ್ದುದು 1856ರ ಕನ್ಸಾಲಿಡೇಷನ್ ಆಕ್ಟ್ ಪ್ರಕಾರ. ಖರ್ಚಿನ ಕೀಲಿಕೈ 12 ಸದಸ್ಯರ ಮಂಡಳಿಯಲ್ಲಿ, ಪೊಲೀಸ್ ಆಯೋಗದಂಥವು ಮೇಯರ್ ಕೈಗೆ ಎಟಕುತ್ತಿರಲಿಲ್ಲ, ಅವಧಿ ಎರಡೇ ವರ್ಷ. ಸುರಂಗದಲ್ಲಾಗಲಿ ಟ್ರಾಮಿನಲ್ಲಾಗಲಿ ಸೂಟ್ರೊ ಗೆದ್ದದ್ದು ಎಲ್ಲರೂ ಹಾಯಬೇಕಾದ ಒಂದು ದಾರಿಯನ್ನು ತಾನು ಹಿಡಿದುಕೊಂಡು. ನಗರಸಭೆಯಲ್ಲಿ ಅವನ ಕೈಯಲ್ಲಿ ಅಂಥ ದಾರಿ ಒಂದೂ ಇರಲಿಲ್ಲ. ವೀಟೊ ಹಾಕಿದರೆ ಮಂಡಳಿ ಮತ್ತೆ ಪಾಸು ಮಾಡುತ್ತಿತ್ತು. ಒಬ್ಬನೇ ಆಳಿ ಅಭ್ಯಾಸವಾದವನಿಗೆ ಹನ್ನೆರಡು ಜನರನ್ನು ಒಲಿಸುವ ತಾಳ್ಮೆಯೂ ಇರಲಿಲ್ಲ, ಅದನ್ನೂ ಬರೆಯಿರಿ.

ಅವನ ಗಮನ ಹೋದದ್ದು ವಾಷಿಂಗ್ಟನ್ ಕಡೆಗೆ. ಸೆಂಟ್ರಲ್ ಪೆಸಿಫಿಕ್ ರೈಲು ಕಟ್ಟಲು ಸರ್ಕಾರ ಕೊಟ್ಟ 30 ವರ್ಷದ ಬಾಂಡ್ ಸಾಲ ತೀರಿಸುವ ಗಡುವು ಬಂದಿತ್ತು. ಅದನ್ನು ಕಡಿಮೆ ಬಡ್ಡಿಗೆ ಇನ್ನೂ ದಶಕಗಟ್ಟಲೆ ಮುಂದೂಡುವ ಮಸೂದೆಗೆ ಸೆಂಟ್ರಲ್, ಸದರ್ನ್ ಪೆಸಿಫಿಕ್ ಎರಡರ ಹಿಂದೆಯೂ ಇದ್ದ ಕಾಲಿಸ್ ಹಂಟಿಂಗ್ಟನ್ ಓಡಾಡುತ್ತಿದ್ದ. ಸೂಟ್ರೊ ಸಂಸದರಿಗೆ ಕಳಿಸುವ ಕಾಗದದ ಲಕೋಟೆಯ ಮೇಲೇ ಹಂಟಿಂಗ್ಟನ್‌ನನ್ನು ಕಳ್ಳ ಅಂತ ಅಣಕಿಸುವ ಸಾಲು ಅಚ್ಚು ಹಾಕಿಸಿದ. 1897ರ ಜನವರಿಯಲ್ಲಿ ಕೆಳಮನೆಯಲ್ಲಿ ಮಸೂದೆ ಬಿತ್ತು, ಸೂಟ್ರೊ ಅವಧಿ ಮುಗಿದದ್ದೂ ಅದೇ ತಿಂಗಳು. ನಂತರ ಬಂದ ಜೇಮ್ಸ್ ಫೆಲನ್ ಕಾಲದಲ್ಲಿ 1898ರಲ್ಲಿ ನಗರದ ಆಡಳಿತಕ್ಕೆ ಹೊಸ ಸನ್ನದು (ಚಾರ್ಟರ್) ಪಾಸಾಗಿ 1900ರಲ್ಲಿ ಜಾರಿಗೆ ಬಂತು, ಮೇಯರ್‌ಗೆ ನಿಜವಾದ ಅಧಿಕಾರ ಬಂದದ್ದು ಆಗ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹೆಸರು ಉಳಿಸಿದ ಕೆಲಸ ಒಂದಿದೆ: ಪಾರ್ನಾಸಸ್ ಗುಡ್ಡದಲ್ಲಿ 13 ಎಕರೆ ದಾನ. ಇವತ್ತಿನ ಯುಸಿಎಸ್‌ಎಫ್ ವೈದ್ಯಕೀಯ ವಿಶ್ವವಿದ್ಯಾಲಯ ಅಲ್ಲಿದೆ.

ಕಡಲಂಚು

ಬಾತ್ಸ್ ಚಿತ್ರಕ್ಕೆ ಬೇಕಾದದ್ದು.

ಹೊರಗಿನಿಂದ ಒಳಕ್ಕೆ ಬರೆಸಿ. ಬಂಡೆಯಲ್ಲಿ ಕೊರೆದ ಹಿಡಿಗುಂಡಿ ಸಮುದ್ರದ ಬದಿಗೆ. ಭರತದಲ್ಲಿ ಅಲೆ ಬಂಡೆ ಹತ್ತಿ ಅದರೊಳಗೆ ಬೀಳುತ್ತದೆ. ಅಲ್ಲಿಂದ ಬಂಡೆಯೊಳಗಿನ ಕಾಲುವೆ, ಆಮೇಲೆ ಮರಳು ಕೂರುವ ಕೊಳ, ಅಲ್ಲಿಂದ ಈಜುಕೊಳಗಳು. ಭರತ ಚೆನ್ನಾಗಿದ್ದರೆ ಸುಮಾರು ಒಂದು ಗಂಟೆಯಲ್ಲಿ ಎಲ್ಲ ತುಂಬುತ್ತಿತ್ತು. ಇಳಿತದ ಹೊತ್ತಿಗೆ ಸಮುದ್ರ ಮಟ್ಟದ ಗುಹೆಯಲ್ಲಿ ಕೂರಿಸಿದ ಟರ್ಬೈನ್ ಪಂಪು: ನಿಮಿಷಕ್ಕೆ 6,000 ಗ್ಯಾಲನ್, ಹೆಚ್ಚುಕಡಿಮೆ 22,700 ಲೀಟರ್. ಆ ವೇಗದಲ್ಲಿ ಐದು ಗಂಟೆ ಬೇಕು. ಒಟ್ಟು ನೀರು 17 ಲಕ್ಷ ಗ್ಯಾಲನ್ ಅಂತಲೂ 20 ಲಕ್ಷ ಅಂತಲೂ ಬರೆಯುತ್ತಾರೆ. 6,000ವನ್ನು 300 ನಿಮಿಷಕ್ಕೆ ಗುಣಿಸಿದರೆ 18 ಲಕ್ಷ ಬರುತ್ತದೆ, ಹಾಗಾಗಿ ಮೊದಲನೆಯದಕ್ಕೆ ಹತ್ತಿರ ಇಡಿ.

ಕೊಳ ಏಳು: ಆರು ಉಪ್ಪುನೀರು, ಒಂದು ಸಿಹಿನೀರು, ಬೇರೆ ಬೇರೆ ಬಿಸಿಗೆ ಕಾಯಿಸಿದ್ದು. ಕಟ್ಟಡ ಸುಮಾರು 500 ಅಡಿ ಉದ್ದ, 254 ಅಡಿ ಅಗಲ, ಮೇಲೆ ಒಂದು ಲಕ್ಷ ಚದರಡಿ ಗಾಜು. ಬಟ್ಟೆ ಬದಲಿಸಲು 517 ಕೋಣೆ, ಬಾಡಿಗೆಗೆ 20,000 ಈಜುಡುಗೆ, 40,000 ಟವೆಲ್. 1896ರ ಮಾರ್ಚ್ 14ರಂದು ತೆರೆಯಿತು. ನೋಡಲು 10 ಸೆಂಟು, ಈಜಲು 25.

ಯಾಕೆ ಸೋತಿತು? ಉಪ್ಪುಗಾಳಿಗೆ 600 ಟನ್ ಕಬ್ಬಿಣ ಇಟ್ಟರೆ ಏನಾಗುತ್ತದೆ? ತುಕ್ಕು, ಗಾಜು ಬದಲಾವಣೆ, ಅಷ್ಟು ನೀರು ಕಾಯಿಸುವ ಇಂಧನ. ವಾರಾಂತ್ಯದ ಜನ ಈ ಖರ್ಚಿಗೆ ಸಾಲುತ್ತಿರಲಿಲ್ಲ. 1930ರ ದಶಕದಲ್ಲಿ ಒಂದು ಭಾಗವನ್ನು ಐಸ್ ಸ್ಕೇಟಿಂಗ್‌ಗೆ ಮಾರ್ಪಡಿಸಿದರು. 1960ರ ದಶಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರಾಟವಾಯಿತು, ಕೆಡವುತ್ತಿದ್ದಾಗಲೇ 1966ರ ಜೂನ್ 26ರಂದು ಸುಟ್ಟಿತು. ಈಗ ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಗ, ಅಡಿಪಾಯದ ಗೋಡೆಗಳು ಕಾಣುತ್ತವೆ.

‘ಜನಸಾಮಾನ್ಯರ ಈಜುಕೊಳ’ ಅಂತ ಬರೆಯುವಾಗ ಇದನ್ನು ಬಿಡಬೇಡಿ: 1897ರ ಜುಲೈ 4ರಂದು ಜಾನ್ ಹ್ಯಾರಿಸ್ ಎಂಬ ಕಪ್ಪು ಅಮೆರಿಕನ್ನನಿಗೆ ಪ್ರವೇಶದ ದುಡ್ಡು ತೆಗೆದುಕೊಂಡು ನೀರಿಗೆ ಇಳಿಯಲು ಬಿಡಲಿಲ್ಲ. ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಭೇದ ಮಾಡಬಾರದು ಅನ್ನುವ, ಅದೇ ವರ್ಷ ಬಂದಿದ್ದ ಡಿಬಲ್ ಕಾಯ್ದೆಯಡಿ ದಾವೆ ಹೂಡಿ ಹ್ಯಾರಿಸ್ ಗೆದ್ದ, 100 ಡಾಲರ್ ಪರಿಹಾರ ಸಿಕ್ಕಿತು.

ಹಳೇಪುಟ

ಮೂವರಿಗೂ ಧನ್ಯವಾದ. ಎರಡು ಬಾಕಿ. ಅವನ ಕ್ಲಿಫ್ ಹೌಸ್ 1906ರ ಭೂಕಂಪದಲ್ಲಿ ಬಿತ್ತು ಅಂತ ಒಂದು ಕಡೆ ಇದೆ, ಸರಿಯೇ? ಗ್ರಂಥಾಲಯದ ಕತೆ ಏನಾಯಿತು?

ಪುಸ್ತಕಹುಳು

ಕ್ಲಿಫ್ ಹೌಸ್ ಭೂಕಂಪದಲ್ಲಿ ಬೀಳಲಿಲ್ಲ. 1896ರಲ್ಲಿ ಗೋಪುರಗಳ ಸಮೇತ ಮತ್ತೆ ಕಟ್ಟಿಸಿದ್ದು 1906ನ್ನು ದಾಟಿ, 1907ರ ಸೆಪ್ಟೆಂಬರ್ 7ರಂದು ಬೆಂಕಿಗೆ ಹೋಯಿತು. ಮೂರೂ ಬೆಂಕಿಗಳು, ಕ್ಲಿಫ್ ಹೌಸಿನ 1894, 1907, ಬಾತ್ಸ್‌ನ 1966, ಗೊಂದಲವಾಗದಂತೆ ಬೇರೆಯಾಗಿ ಬರೆಯಿರಿ.

ಗ್ರಂಥಾಲಯ ಅವನ ದೊಡ್ಡ ಕನಸು. 1880ರ ದಶಕದಲ್ಲಿ ಯುರೋಪಿನಲ್ಲಿ ಪುಸ್ತಕವನ್ನು ಸಗಟಾಗಿ ಕೊಂಡ, 1889ರಲ್ಲಿ ಮೆಕ್ಸಿಕೊ ಸಿಟಿಯ ಅಬಾದಿಯಾನೊ ಅಂಗಡಿಯ ದಾಸ್ತಾನನ್ನೇ ಎತ್ತಿಸಿದ. ಒಟ್ಟು ಎರಡು ಲಕ್ಷ ಮೀರಿದ ಸಂಪುಟ, 1501ಕ್ಕೆ ಮುಂಚಿನ ಅಚ್ಚಿನ ಪುಸ್ತಕಗಳೇ ಸಾವಿರಾರು. ಕಟ್ಟಡ ಮಾತ್ರ ಕಟ್ಟಿಸಲಿಲ್ಲ. ಪುಸ್ತಕ ಎರಡು ಕಡೆ ಹಂಚಿ ಇಟ್ಟಿತ್ತು: ಬ್ಯಾಟರಿ ಬೀದಿಯ ಗೋದಾಮು, ಮಾಂಟ್ಗೊಮರಿ ಬ್ಲಾಕ್ ಕಟ್ಟಡ. 1906ರ ಭೂಕಂಪದ ಬೆನ್ನಲ್ಲೇ ಎದ್ದ ಬೆಂಕಿಯಲ್ಲಿ ಮೊದಲನೆಯದು ಪೂರಾ ಹೋಯಿತು, ಎರಡನೆಯದು ಉಳಿಯಿತು. ಅರ್ಧಕ್ಕಿಂತ ಹೆಚ್ಚು ಬೂದಿ.

ಉಳಿದದ್ದನ್ನು ವಾರಸುದಾರರು 1913ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟರು, ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಹೊರಗೆ ಒಯ್ಯಬಾರದು ಅನ್ನುವ ಷರತ್ತಿನ ಮೇಲೆ. ಈಗ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಯೂನಿವರ್ಸಿಟಿ ಆವರಣದಲ್ಲಿದೆ.

ಪುರಸಭೆ ಕಡತ

ಕೊನೆಯ ವರ್ಷದ ಬಗ್ಗೆಯೂ ಒಂದು ಸಾಲು ಬೇಕು. 1898ರ ಆರಂಭದಲ್ಲಿ ನ್ಯಾಯಾಲಯ ಅವನನ್ನು ಆಸ್ತಿ ನೋಡಿಕೊಳ್ಳಲು ಅಸಮರ್ಥ ಅಂತ ಘೋಷಿಸಿ, ವೈದ್ಯೆಯಾಗಿದ್ದ ಮಗಳು ಎಮ್ಮಾ ಮೆರಿಟ್‌ಳನ್ನು ಪಾಲಕಿ ಮಾಡಿತು. 1882ರ ಉಯಿಲಿನಲ್ಲಿ ಜಮೀನಿನ ದೊಡ್ಡ ಭಾಗವನ್ನು ಶಿಕ್ಷಣ, ಧರ್ಮಕಾರ್ಯಕ್ಕೆ ಟ್ರಸ್ಟ್ ಮಾಡಿ ಬರೆದಿದ್ದ. ವಾರಸುದಾರರು ಪ್ರಶ್ನಿಸಿದರು, 1909ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಟ್ರಸ್ಟ್ ಊರ್ಜಿತವಲ್ಲ ಅಂದಿತು. ಆಮೇಲೆ ಆ ಗುಡ್ಡಗಳನ್ನು ಸೈಟು ಮಾಡಿ ಮಾರಿದರು. ಫಾರೆಸ್ಟ್ ಹಿಲ್, ಸೇಂಟ್ ಫ್ರಾನ್ಸಿಸ್ ವುಡ್ ಬಡಾವಣೆಗಳು ಎದ್ದದ್ದು ಆ ರಾಂಚೊ ನೆಲದಲ್ಲಿ. ಟವರ್ ನಿಂತಿರುವುದೂ ಅಲ್ಲೇ, ಅದು 1973ರದ್ದು.